ಎಷ್ಟರಲ್ಲಿ ಎಷ್ಟು?

ಓದುಗರ ಪ್ರಶ್ನೆ, ಡಾಕ್ಟರ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಈಗಷ್ಟೇ ಮೆಡಿಕಲ್ ಸೇರಿದ ಮಕ್ಕಳದ್ದು. ಹಾಗಾಗಿ ಮಂಡಿನೋವು, ಕೂದಲು ಉದುರುವುದು ಎಲ್ಲ ಮುಂದಿನ ಸಂಚಿಕೆಗೆ. ನಾನು ಕಮ್ಯುನಿಟಿ ಮೆಡಿಸಿನ್, ಅಂದರೆ ಒಬ್ಬ ರೋಗಿಯ ಬದಲು ಇಡೀ ಊರಿನ ಆರೋಗ್ಯ ನೋಡುವ ವಿಷಯ, ಪಾಠ ಮಾಡುವವಳು. ಉತ್ತರಗಳಲ್ಲಿ ನನ್ನ ವಿಷಯದ ಕಡೆಗೆ ಸ್ವಲ್ಪ ಪಕ್ಷಪಾತ ಕಂಡರೆ ಸಹಿಸಿಕೊಳ್ಳಿ.

ಪ್ರಶ್ನೆ: ಮೇಡಂ, ನಾನು ಮೊದಲ ವರ್ಷದ ವಿದ್ಯಾರ್ಥಿನಿ. ಅನಾಟಮಿ ಕಷ್ಟ, ಆದ್ರೂ ಇಷ್ಟ. ಕಮ್ಯುನಿಟಿ ಮೆಡಿಸಿನ್ ಕ್ಲಾಸಿನಲ್ಲಿ ಮಾತ್ರ ಬರೀ ಚರಂಡಿ, ಸೊಳ್ಳೆ, ಕಕ್ಕಸು ಗುಂಡಿ, ಬಾವಿಗೆ ಎಷ್ಟು ಕ್ಲೋರಿನ್ ಹಾಕಬೇಕು ಅನ್ನೋದೇ. ನಾನು ಡಾಕ್ಟರಾಗಲು ಬಂದೆನೋ ನೀರು ಬಿಡುವ ಕೆಲಸಕ್ಕೆ ಸೇರಿದೆನೋ ಗೊತ್ತಾಗುತ್ತಿಲ್ಲ. ಪರೀಕ್ಷೆಗೆ ಹತ್ತು ದಿನ ಇರುವಾಗ ಓದಿದರೆ ಸಾಕು ಅಂತಾರೆ ಸೀನಿಯರ್‌ಗಳು. ನಿಜವೇ? (ಹೆಸರು ಹಾಕಬೇಡಿ)

ಉತ್ತರ: ಪಾಸಾಗಲು ಹತ್ತು ದಿನ ಸಾಕು. ಸೀನಿಯರ್‌ಗಳು ಸುಳ್ಳು ಹೇಳಿಲ್ಲ. ನಾನೂ ಹಾಗೇ ಪಾಸಾದವಳು.

ಅದರ ಫಲ ಇಂಟರ್ನ್‌ಶಿಪ್‌ನಲ್ಲಿ ಸಿಕ್ಕಿತು. ರಾತ್ರಿ ಡ್ಯೂಟಿಯಲ್ಲಿ ಇಬ್ಬರು ವಾಂತಿ ಭೇದಿ ಅಂತ ಬಂದರು. ಡ್ರಿಪ್ ಹಾಕಿದೆ, ಬೆಳಿಗ್ಗೆ ಎದ್ದು ಕೂತರು. ಮರುದಿನ ಮೂವರು. ಮೂರನೇ ರಾತ್ರಿ ಮತ್ತೆ ನಾಲ್ವರು. ಎಲ್ಲರಿಗೂ ಒಂದೇ ಏಟಿಗೆ ನರ ಹಿಡಿದು ಸೂಜಿ ಚುಚ್ಚಿದ್ದೆ. ನನ್ನ ಕೈಚಳಕದ ಬಗ್ಗೆ ನನಗೇ ಹೆಮ್ಮೆ. ಆಗ ವಾರ್ಡಿನ ಸಿಸ್ಟರ್ ಕೇಸ್ ಶೀಟುಗಳನ್ನು ಜೋಡಿಸುತ್ತಾ, "ಡಾಕ್ಟ್ರೇ, ಇವರೆಲ್ಲಾ ಒಂದೇ ಬೀದಿಯವರಲ್ವಾ?" ಅಂದರು. ಒಂಬತ್ತು ಶೀಟಿನಲ್ಲೂ ವಿಳಾಸ ಬರೆದವಳು ನಾನೇ. ಬರೆದಿದ್ದೆ, ಓದಿರಲಿಲ್ಲ. ಆ ಬೀದಿಯಲ್ಲಿ ಚರಂಡಿಯ ಪಕ್ಕ ಕುಡಿಯುವ ನೀರಿನ ಪೈಪು ಒಡೆದಿತ್ತು. ಮೊದಲ ರಾತ್ರಿಯೇ ವಿಳಾಸದ ಮೇಲೆ ಕಣ್ಣಾಡಿಸಿದ್ದರೆ ಏಳು ಜನ ಮನೆಯಲ್ಲೇ ಮಲಗಿರುತ್ತಿದ್ದರೇನೋ.

ಹಾಗಾಗಿ ನೀರು ಬಿಡುವವರ ಕೆಲಸವನ್ನು ಅಷ್ಟು ಹಗುರವಾಗಿ ನೋಡಬೇಡಿ.

ನಿಮ್ಮ ಪುಸ್ತಕದಲ್ಲಿ ಡಾಕ್ಟರ್ ಜಾನ್ ಸ್ನೋ ಕತೆ ಬಂದೇ ಬರುತ್ತದೆ. 1854, ಲಂಡನ್, ಬ್ರಾಡ್ ಸ್ಟ್ರೀಟ್. ಕಾಲರಾ ಹಬ್ಬಿಸುತ್ತಿದ್ದ ಬೀದಿ ನೀರಿನ ಪಂಪಿನ ಹಿಡಿ ಕಿತ್ತಿಸಿದ, ಕಾಲರಾ ನಿಂತಿತು. ಕೇಳಲು ಚೆನ್ನಾಗಿದೆ. ಆದರೆ ಹಿಡಿ ಕೀಳುವ ಹೊತ್ತಿಗೆ ಕಾಲರಾ ಆಗಲೇ ಇಳಿಯುತ್ತಿತ್ತು, ಸ್ನೋ ಅವರೇ ಅದನ್ನು ಒಪ್ಪಿಕೊಂಡಿದ್ದಾರೆ. ನನಗೆ ಜಾಸ್ತಿ ಇಷ್ಟ ಆಗುವುದು ಪಂಪಿನ ಪಕ್ಕದಲ್ಲಿದ್ದೂ ಸಾಯದವರ ಲೆಕ್ಕ. ಅದೇ ಬೀದಿಯಲ್ಲಿ ಒಂದು ಬಿಯರ್ ಕಾರ್ಖಾನೆ. ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರು, ಕಾಲರಾದಿಂದ ಒಬ್ಬರೂ ಸತ್ತಿಲ್ಲ. ಅವರಿಗೆ ದಿನವೂ ಅಲ್ಲೇ ಬಿಯರ್ ಸಿಗುತ್ತಿತ್ತು, ಪಂಪಿನ ನೀರನ್ನು ಮುಟ್ಟುತ್ತಿರಲಿಲ್ಲ. ಹತ್ತಿರದಲ್ಲೇ ಬಡವರನ್ನು ಇರಿಸುತ್ತಿದ್ದ ವರ್ಕ್‌ಹೌಸ್ ಇತ್ತು, 535 ಜನ. ಅಲ್ಲಿ ಸತ್ತವರು ಐವರು ಮಾತ್ರ. ಅವರಿಗೆ ಬೇರೆ ಬಾವಿ. ಇನ್ನೊಂದು ಕಡೆ, ಎಷ್ಟೋ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ ಕಾಲರಾದಿಂದ ಸತ್ತರು. ಅವರ ಸುತ್ತಮುತ್ತ ಯಾರಿಗೂ ರೋಗವಿಲ್ಲ. ವಿಚಾರಿಸಿದರೆ, ಆಕೆಗೆ ಬ್ರಾಡ್ ಸ್ಟ್ರೀಟ್ ಪಂಪಿನ ನೀರಿನ ರುಚಿ ಹಿಡಿಸಿತ್ತಂತೆ. ಗಾಡಿಯಲ್ಲಿ ಅಲ್ಲಿಂದ ನೀರು ತರಿಸಿಕೊಳ್ಳುತ್ತಿದ್ದರು.

ಇನ್ನೂ ದೊಡ್ಡ ಕೆಲಸ ನಡೆದದ್ದು ಥೇಮ್ಸ್ ನದಿಯ ದಕ್ಷಿಣಕ್ಕೆ. ಅಲ್ಲಿ ಎರಡು ಕಂಪನಿಗಳು ಒಂದೇ ಬೀದಿಯಲ್ಲಿ ಪೈಪು ಎಳೆದಿದ್ದವು. ಲ್ಯಾಂಬೆತ್ ಕಂಪನಿ 1852ರಲ್ಲಿ ಊರಿನ ಕೊಳಚೆ ಸೇರುವ ಜಾಗಕ್ಕಿಂತ ಮೇಲೆ ಹೋಗಿ ನೀರೆತ್ತಲು ಶುರು ಮಾಡಿತ್ತು. ಸದರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿ ಕೊಳಚೆ ಬೆರೆತ ಕಡೆಯೇ ಎತ್ತುತ್ತಿತ್ತು. ತಮ್ಮ ಮನೆಗೆ ಯಾವ ಕಂಪನಿಯ ನೀರು ಅನ್ನೋದು ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ. ಸ್ನೋ ಏನು ಮಾಡಿದರು ಗೊತ್ತಾ? ಬಾಟಲಿಯಲ್ಲಿ ನೀರು ಹಿಡಿದು ಸಿಲ್ವರ್ ನೈಟ್ರೇಟ್ ಹಾಕಿ ನೋಡಿದರು. ನೀವು ಕೆಮಿಸ್ಟ್ರಿ ಲ್ಯಾಬಿನಲ್ಲಿ ಮಾಡಿರುತ್ತೀರಿ, ಉಪ್ಪಿದ್ದರೆ ಮೊಸರಿನಂತೆ ಬೆಳ್ಳಗೆ ಒಡೆಯುತ್ತದೆ. ಕೆಳಗಿನ ನೀರಿನಲ್ಲಿ ಉಪ್ಪಿನ ಅಂಶ ಮೇಲಿನದಕ್ಕಿಂತ ಸುಮಾರು 40 ಪಟ್ಟು. ಆ ಬಾಟಲಿ ಸಾಕಾಯಿತು, ಯಾವ ಮನೆಗೆ ಯಾವ ನೀರು ಅಂತ ಹೇಳಲು.

ಲೆಕ್ಕ ಹೀಗಿತ್ತು. ಕೊಳಚೆ ನೀರಿನ ಕಂಪನಿಯ 40,046 ಮನೆಗಳಲ್ಲಿ 1,263 ಸಾವು. ಇನ್ನೊಂದರ 26,107 ಮನೆಗಳಲ್ಲಿ 98. ಹತ್ತು ಸಾವಿರ ಮನೆಗೆ 315 ಮತ್ತು 37. ಬರೀ 1,263 ಅಂದಿದ್ದರೆ, "ಅವರ ಗಿರಾಕಿಗಳೇ ಜಾಸ್ತಿ, ಸಾವೂ ಜಾಸ್ತಿ" ಅಂತ ಯಾರಾದರೂ ತಳ್ಳಿಹಾಕುತ್ತಿದ್ದರು. ಎಷ್ಟರಲ್ಲಿ ಎಷ್ಟು ಅಂತ ಕೇಳಿದ ಮೇಲೆ ಆ ಮಾತಿಗೆ ಜಾಗ ಉಳಿಯಲಿಲ್ಲ. ಕಾಲರಾ ರೋಗಾಣುವನ್ನು ರಾಬರ್ಟ್ ಕೋಖ್ ಗುರುತಿಸಿ ತೋರಿಸಲು ಇನ್ನೂ ಸುಮಾರು ಮೂವತ್ತು ವರ್ಷ ಇತ್ತು.

ಅಂದ ಹಾಗೆ ಸ್ನೋ ಅವರ ದಿನದ ಕೆಲಸ ಅರಿವಳಿಕೆ ಕೊಡುವುದು. 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಗೆ ಕ್ಲೋರೋಫಾರ್ಮ್ ಕೊಟ್ಟವರು ಅವರೇ. ರೋಗಿಯ ಪಕ್ಕ ಕೂತೂ ಬೀದಿ ಸುತ್ತಬಹುದು ಅನ್ನೋದಕ್ಕೆ ಹೇಳಿದೆ.

ಇನ್ನು ನಿಮ್ಮ ಬಾವಿಯ ಕ್ಲೋರಿನ್. ಎಷ್ಟು ಹಾಕಿದಿರಿ ಅನ್ನೋದಕ್ಕಿಂತ ಎಷ್ಟು ಉಳಿದಿದೆ ಅನ್ನೋದನ್ನು ನೋಡಿ. ಹಾಕಿದ ಕ್ಲೋರಿನ್ ಮೊದಲು ನೀರಿನ ಕೊಳೆಯ ಜೊತೆ ಸೇರಿ ಖರ್ಚಾಗುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದಾಗ ಲೀಟರಿಗೆ 0.5 ಮಿಲಿಗ್ರಾಂ ಮಿಕ್ಕಿದ್ದರೆ ಅದು ಮುಂದೆ ಬರುವ ಕೊಳೆಗೆ ಕಾವಲು. ಸೂತ್ರ ಮರೆತರೂ ಇದು ನೆನಪಿದ್ದರೆ ವೈವಾದಲ್ಲಿ (ಬಾಯಿಮಾತಿನ ಪರೀಕ್ಷೆಯಲ್ಲಿ) ನಾನಂತೂ ಫೇಲ್ ಮಾಡುವುದಿಲ್ಲ.

ಪ್ರಶ್ನೆ: ಶವ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲಿನಲ್ಲಿ ಮೊದಲ ದಿನವೇ ತಲೆ ತಿರುಗಿ ಬಿದ್ದೆ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲವೇ?

ಉತ್ತರ: ಖಾಲಿ ಹೊಟ್ಟೆಯಲ್ಲಿ ಹೋಗಿದ್ದಿರಿ, ಅಲ್ವಾ? ತಿಂದು ಹೋಗಿ. ಅಲ್ಲಾಡದೆ ಕಂಬದಂತೆ ನಿಲ್ಲಬೇಡಿ. ಕಾಲಿನ ಸ್ನಾಯುಗಳನ್ನು ಬಿಗಿ ಮಾಡಿ ಬಿಡುತ್ತಿರಿ, ರಕ್ತ ಕಾಲಲ್ಲೇ ನಿಲ್ಲುವುದಿಲ್ಲ. ಕಣ್ಣು ಮಂಜಾದರೆ ನಾಚಿಕೆ ಬಿಟ್ಟು ನೆಲಕ್ಕೆ ಕೂತುಬಿಡಿ. ನಮ್ಮ ಬ್ಯಾಚಿನಲ್ಲಿ ಬಿದ್ದವನೊಬ್ಬ ಈಗ ಸರ್ಜನ್.

ಪ್ರಶ್ನೆ: ಒಂದು ಟೆಸ್ಟ್ 99 ಪರ್ಸೆಂಟ್ ಸರಿಯಿದ್ದರೂ, ಪಾಸಿಟಿವ್ ಬಂದ ನೂರು ಜನರಲ್ಲಿ ಒಂಬತ್ತು ಜನಕ್ಕಷ್ಟೇ ರೋಗ ಇರಬಹುದು ಅಂತ ಕ್ಲಾಸಿನಲ್ಲಿ ಹೇಳಿದರು. ಇದು ಹೇಗೆ ಸಾಧ್ಯ? ಇಡೀ ಕ್ಲಾಸು ತಲೆಯಾಡಿಸಿತು, ನಾನೂ ಆಡಿಸಿದೆ. ಅರ್ಥ ಆಗಿಲ್ಲ.

ಉತ್ತರ: ತಲೆಯಾಡಿಸಿದ ಮುಕ್ಕಾಲು ಪಾಲು ಜನಕ್ಕೂ ಆಗಿರುವುದಿಲ್ಲ, ಚಿಂತೆ ಬೇಡ. ಪೆನ್ನು ತಗೊಳ್ಳಿ.

ಒಂದು ಲಕ್ಷ ಜನ. ರೋಗ ಸಾವಿರಕ್ಕೆ ಒಬ್ಬರಿಗೆ. ಅಂದರೆ ರೋಗ ಇರುವವರು 100, ಇಲ್ಲದವರು 99,900. ಟೆಸ್ಟ್ ರೋಗಿಗಳಲ್ಲಿ ನೂರಕ್ಕೆ 99 ಜನರನ್ನು ಹಿಡಿಯುತ್ತದೆ, ಆರೋಗ್ಯವಂತರಲ್ಲೂ ನೂರಕ್ಕೆ 99 ಜನರನ್ನು ಸರಿಯಾಗಿ ಬಿಟ್ಟುಬಿಡುತ್ತದೆ ಅಂತಿಟ್ಟುಕೊಳ್ಳಿ. ನೂರು ರೋಗಿಗಳಲ್ಲಿ 99 ಪಾಸಿಟಿವ್. ಸರಿ. ಈಗ ಆ 99,900 ಆರೋಗ್ಯವಂತರಲ್ಲಿ ನೂರಕ್ಕೆ ಒಬ್ಬರು ತಪ್ಪಾಗಿ ಪಾಸಿಟಿವ್. ಅದು 999 ಜನ. ಒಟ್ಟು ಪಾಸಿಟಿವ್ 1,098, ನಿಜವಾದ ರೋಗಿಗಳು 99. ನೂರಕ್ಕೆ ಒಂಬತ್ತು.

ಅದೇ ಟೆಸ್ಟನ್ನು ಅರ್ಧ ಜನಕ್ಕೆ ರೋಗ ಇರುವ ವಾರ್ಡಿನಲ್ಲಿ ಮಾಡಿ, ಪಾಸಿಟಿವ್ ಬಂದ ನೂರರಲ್ಲಿ 99 ಜನ ನಿಜವಾಗಿಯೂ ರೋಗಿಗಳು. ಟೆಸ್ಟ್ ಬದಲಾಗಲಿಲ್ಲ, ಮಾಡಿಸಿಕೊಂಡವರು ಬದಲಾದರು. ಮೊದಲು ರೋಗಿಯ ಜೊತೆ ಮಾತಾಡಿ, ಆಮೇಲೆ ಟೆಸ್ಟ್ ಬರೆಯಿರಿ ಅಂತ ಹಳೇ ಪ್ರೊಫೆಸರುಗಳು ಬೈಯುವುದು ಇದಕ್ಕೇ. ಅವರು ಗಣಿತ ಹೇಳುವುದಿಲ್ಲ, ಬೈದು ಬಿಡುತ್ತಾರೆ ಅಷ್ಟೇ.

ಇನ್ನೊಂದು ಮಾತು. ಲ್ಯಾಬ್ ರಿಪೋರ್ಟಿನಲ್ಲಿ ನಾರ್ಮಲ್ ಅಂತ ಒಂದು ಮಿತಿ ಇರುತ್ತದಲ್ಲ, ಸಾಮಾನ್ಯವಾಗಿ ಅದು ಆರೋಗ್ಯವಂತರಲ್ಲಿ ನಡುವಿನ 95 ಪರ್ಸೆಂಟ್ ಜನರ ಮಿತಿ. ಒಂದಕ್ಕೊಂದು ಸಂಬಂಧವಿಲ್ಲದ 20 ಟೆಸ್ಟ್ ಮಾಡಿಸಿದರೆ, ಪೂರ್ತಿ ಆರೋಗ್ಯವಾಗಿರುವ ನೂರು ಜನರಲ್ಲಿ ಸುಮಾರು 64 ಜನಕ್ಕೆ ಒಂದಾದರೂ ಮಿತಿಗಿಂತ ಹೆಚ್ಚು ಅಥವಾ ಕಡಿಮೆ ಅಂತ ಬರುತ್ತದೆ. ಆಮೇಲೆ ಅದಕ್ಕೊಂದು ಸ್ಕ್ಯಾನ್, ಸ್ಕ್ಯಾನಿನಲ್ಲಿ ಕಂಡ ಚುಕ್ಕೆಗೆ ಇನ್ನೊಂದು. ಸುಮ್ನೆ ಎಲ್ಲಾ ಟೆಸ್ಟೂ ಮಾಡಿಸಿಬಿಡೋಣ ಅನ್ನುವ ನೆಂಟರಿಗೆ ಈ ಲೆಕ್ಕ ತೋರಿಸಿ.

ಪ್ರಶ್ನೆ: ಸಿಗರೇಟು ಬಿಡಿ ಅಂತ ಅಪ್ಪನಿಗೆ ಹೇಳಿದರೆ, "ನಮ್ಮ ದೊಡ್ಡಪ್ಪ ಸೇದುತ್ತಲೇ 85 ವರ್ಷ ಬದುಕಿದರು" ಅಂತಾರೆ. ಮೆಡಿಕಲ್ ಓದುತ್ತಿದ್ದರೂ ಉತ್ತರ ಹೊಳೆಯುತ್ತಿಲ್ಲ.

ಉತ್ತರ: ಮತ್ತೆ ಅದೇ: ಎಷ್ಟರಲ್ಲಿ ಎಷ್ಟು? 55ಕ್ಕೇ ಹೋದವರು ತಮ್ಮ ಕತೆ ಹೇಳಲು ಉಳಿದಿಲ್ಲ. ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬ ಇಬ್ಬರು ಸಂಶೋಧಕರು 1951ರಲ್ಲಿ ಬ್ರಿಟನ್ನಿನ ವೈದ್ಯರಿಗೇ ಕಾಗದ ಬರೆದು, ನೀವು ಸೇದುತ್ತೀರಾ ಅಂತ ಕೇಳಿದರು. ಉತ್ತರ ಕೊಟ್ಟ 34,439 ಗಂಡಸರನ್ನು ಐವತ್ತು ವರ್ಷ ಹಿಂಬಾಲಿಸಿ ನೋಡಲಾಯಿತು. ಸೇದುತ್ತಲೇ ಹೋದವರು ಸರಾಸರಿ ಹತ್ತು ವರ್ಷ ಬೇಗ ಸತ್ತರು. ನಿಮ್ಮಪ್ಪನಿಗೆ ಹೇಳಬೇಕಾದದ್ದು ಇದಲ್ಲ, ಇದರ ಇನ್ನೊಂದು ಮುಖ: 50ಕ್ಕೆ ಬಿಟ್ಟವರಿಗೆ ಸುಮಾರು ಆರು ವರ್ಷ ವಾಪಸ್ ಸಿಕ್ಕಿತು, 60ಕ್ಕೆ ಬಿಟ್ಟವರಿಗೆ ಮೂರು. ಹೆದರಿಸಿ ಸೋತ ಮೇಲೆ ಲಾಭ ತೋರಿಸಿ ನೋಡಿ.

ಪ್ರಶ್ನೆ: ಭೇದಿಯಾದ ಮಗುವಿಗೆ ಡಾಕ್ಟರು ಓಆರ್‌ಎಸ್ ಪೊಟ್ಟಣ ಕೊಟ್ಟರು. ತಾಯಿಗೆ ಸಿಟ್ಟು ಬಂತು: "ಇಷ್ಟು ದೂರದಿಂದ ಬಂದದ್ದು ಉಪ್ಪು ಸಕ್ಕರೆ ನೀರಿಗಾ?" ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತು.

ಉತ್ತರ: ನಿಮ್ಮ ಫಿಸಿಯಾಲಜಿ ಪುಸ್ತಕ ತೆಗೆದು ಕರುಳಿನ ಪಾಠ ನೋಡಿ. ಕರುಳಿನ ಗೋಡೆಯಲ್ಲಿ ಒಂದು ಬಾಗಿಲಿದೆ. ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಬಂದರೆ ಮಾತ್ರ ಅದು ಎರಡನ್ನೂ ಒಳಗೆ ಬಿಡುತ್ತದೆ, ಹಿಂದೆಯೇ ನೀರೂ ಒಳಗೆ ಹೋಗುತ್ತದೆ. ಕಾಲರಾದಂಥ ಭೇದಿಯಲ್ಲಿ ಕರುಳು ನೀರನ್ನು ಹೊರಗೆ ಸುರಿಯುತ್ತಿದ್ದರೂ ಈ ಬಾಗಿಲು ಕೆಟ್ಟಿರುವುದಿಲ್ಲ. ಸಕ್ಕರೆ ಹಾಕುವುದು ರುಚಿಗಲ್ಲ, ಶಕ್ತಿಗೂ ಅಲ್ಲ. ಅದು ಬಾಗಿಲಿನ ಕೀಲಿಕೈ. ಹಾಗಂತ ಜಾಸ್ತಿ ಹಾಕಿದರೆ ಸಕ್ಕರೆಯೇ ಕರುಳಿಗೆ ನೀರು ಎಳೆದು ಭೇದಿ ಹೆಚ್ಚಿಸುತ್ತದೆ. ಅದಕ್ಕೇ ಈಗಿನ ಪೊಟ್ಟಣದಲ್ಲಿ ಅಳತೆ ಅಷ್ಟು ಬಿಗಿ: ಲೀಟರಿಗೆ ಒಟ್ಟು 20.5 ಗ್ರಾಂ. ಲೀಟರಿನ ಪೊಟ್ಟಣವನ್ನು ಒಂದು ಲೋಟದಲ್ಲಿ ಕಲಸಿ ಕುಡಿಸಿದವರನ್ನು ನಾನು ನೋಡಿದ್ದೇನೆ. ಪೊಟ್ಟಣ ಕೊಟ್ಟರೆ ಸಾಲದು, ಯಾವ ಪಾತ್ರೆಯಲ್ಲಿ ಕಲಸ್ತೀರಿ ಅಂತ ಕೇಳಿ, ತೋರಿಸಿಕೊಡಿ.

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಗಡಿ ದಾಟಿ ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದಾಗ ಅಲ್ಲಿ ಕಾಲರಾ ಹಬ್ಬಿತು. ನೆಲದ ತುಂಬ ರೋಗಿಗಳು. ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದವು. ಡಾ. ದಿಲೀಪ್ ಮಹಾಲನಬಿಸ್ ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾದ ಲೆಕ್ಕದಲ್ಲಿ ಪುಡಿ ತೂಗಿಸಿದರು. ಪಾಲಿಥಿನ್ ಚೀಲಕ್ಕೆ ತುಂಬಿಸಿ, ಬಾಯಿಯನ್ನು ಇಸ್ತ್ರಿ ಪೆಟ್ಟಿಗೆಯಿಂದ ಅಂಟಿಸಿದರು. ಡ್ರಮ್ಮಿನಲ್ಲಿ ಕದಡಿದ ನೀರನ್ನು ಕುಡಿಸಿದವರು ರೋಗಿಗಳ ಮನೆಯವರೇ. ನೂರಕ್ಕೆ 30ರಷ್ಟಿದ್ದ ಸಾವು, ಅವರ ಶಿಬಿರದಲ್ಲಿ 3.6ಕ್ಕೆ ಇಳಿಯಿತು. ಡ್ರಿಪ್ ಹಾಕಲು ನಿಮ್ಮಂಥವರು ಬೇಕು. ಇದಕ್ಕೆ ಅಮ್ಮ ಸಾಕು. ಇದರ ಬಲ ಇರುವುದೇ ಅಲ್ಲಿ.

ಡ್ರಿಪ್ ಬೇಡವೇ ಬೇಡ ಅಂತಲ್ಲ. ಮಗು ಮಂಪರಾಗಿದ್ದರೆ, ಕುಡಿಯಲು ಆಗದಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಾಗೇ ನಿಂತರೆ ತಡ ಮಾಡಬಾರದು. ಬರೀ ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಚಮಚದಲ್ಲಿ ನಿಧಾನಕ್ಕೆ ಮತ್ತೆ ಶುರು ಮಾಡುವುದು.

ಪ್ರಶ್ನೆ: ಮನೆಮನೆ ಸರ್ವೇಗೆ ಕಳಿಸುತ್ತಾರೆ. ಜನ ನಿಜ ಹೇಳುವುದಿಲ್ಲ. ಫಾರಂ ತುಂಬಿ ಏನು ಪ್ರಯೋಜನ?

ಉತ್ತರ: ನಾವು ಕೇಳುವ ರೀತಿಗೆ ಸುಳ್ಳೇ ಸರಿಯಾದ ಉತ್ತರ.

ನನ್ನ ಮೊದಲ ಸರ್ವೇಯಲ್ಲಿ ನಲವತ್ತು ಮನೆ. "ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೀತೀರಾ?" ಅಂತ ಪ್ರಶ್ನೆ. ಬಿಳಿ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತು ಹಾಗೆ ಕೇಳಿದರೆ ಯಾರಾದರೂ ಇಲ್ಲ ಅಂತಾರಾ? 38 ಮನೆಯವರು ಹೌದು ಅಂದರು. ಉಳಿದ ಎರಡು ಮನೆಗೆ ಬೀಗ. ಖುಷಿಯಿಂದ ಫಾರಂ ಒಪ್ಪಿಸಿದೆ. ನಮ್ಮ ಸರ್ ಓದಿ, "ಸೋಪು ಎಲ್ಲಿಟ್ಟಿದ್ದರಮ್ಮಾ?" ಅಂತಷ್ಟೇ ಕೇಳಿದರು.

ಮರುದಿನ ಕೋಟು ಬಿಟ್ಟು ಹೋದೆ. ಏನೂ ಕೇಳಲಿಲ್ಲ. "ಅಮ್ಮಾ, ಸ್ವಲ್ಪ ಕೈ ತೊಳೆದುಕೊಳ್ಳಲಾ?" ಅಂದೆ. ಒಳಗೆ ಕರೆದರು. ಮೊದಲ ಮನೆಯಲ್ಲಿ ನೀರಿನ ಹತ್ತಿರ ಸೋಪಿಲ್ಲ. ಎರಡನೆಯದರಲ್ಲಿ ಬಟ್ಟೆ ಒಗೆಯುವ ಬಿಲ್ಲೆಯ ಸವೆದ ಚೂರು. ಮೂರನೇ ಮನೆಯಾಕೆ ಸ್ಟೂಲು ಎಳೆದುಕೊಂಡು ಹತ್ತಿ, ಮೇಲಿನ ಅಟ್ಟದಿಂದ ಒಂದು ಸೋಪು ತೆಗೆದರು. ಕಾಗದ ಇನ್ನೂ ಬಿಚ್ಚಿರಲಿಲ್ಲ. ನನಗೋಸ್ಕರ ಬಿಚ್ಚಿದರು. ಆ ಸೋಪಿನಲ್ಲಿ ಕೈ ತೊಳೆಯುವಾಗ ನನಗಾದ ಮುಜುಗರ ಹೇಳತೀರದು. ಅವರ ಮನೆಯಲ್ಲಿ ನಲ್ಲಿಯೂ ಇರಲಿಲ್ಲ. ಎರಡು ಕೊಡ ನೀರು ಹೊತ್ತು ತಂದು ದಿನವಿಡೀ ಅದರಲ್ಲೇ ನಡೆಸಬೇಕು. ಕೈ ತೊಳೆಯಿರಿ ಅಂತ ಅವರಿಗೆ ನಾನು ಏನಂತ ಪಾಠ ಹೇಳಲಿ?

ಹಾಗಾಗಿ, "ಮಾಡ್ತೀರಾ" ಅಂತ ಕೇಳಬೇಡಿ. "ಎಲ್ಲಿ" ಅಂತ ಕೇಳಿ, "ನಿನ್ನೆ" ಅಂತ ಕೇಳಿ. "ಮಗುವಿಗೆ ಏನೇನು ತಿನ್ನಿಸ್ತೀರಿ" ಅಂದರೆ ಪಠ್ಯಪುಸ್ತಕದ ಪಟ್ಟಿ ಬರುತ್ತದೆ. "ನಿನ್ನೆ ರಾತ್ರಿ ಏನು ತಿಂತು" ಅಂದರೆ ಸ್ವಲ್ಪ ಹೊತ್ತು ಸುಮ್ಮನಿದ್ದು ನಿಜ ಹೇಳುತ್ತಾರೆ. ಫಾರಂನಲ್ಲಿ ಪ್ರಶ್ನೆ ಬದಲಾಯಿಸುವ ಅಧಿಕಾರ ನಿಮಗಿಲ್ಲದಿರಬಹುದು. ಅಂಚಿನಲ್ಲಿ ಬರೆದುಕೊಳ್ಳಿ. ನನಗೆ ಅಂಚು ತುಂಬಿದ ಫಾರಂಗಳೇ ಇಷ್ಟ.

ಪ್ರಶ್ನೆ: ಮಗಳು ಮೆಡಿಕಲ್ ಸೇರಿ ನಾಲ್ಕು ತಿಂಗಳು. ರಜೆಗೆ ಬಂದರೆ ಎಲ್ಲರಿಗೂ ಉಪದೇಶ. ಕೈ ತೊಳೆದಿರಾ, ಬಾಟಲಿ ಮುಚ್ಚಿದಿರಾ ಅಂತ. ಅಜ್ಜಿಯನ್ನೂ ಬಿಡುವುದಿಲ್ಲ. ಇದಕ್ಕೆ ಔಷಧಿ ಇದೆಯೇ? (ಒಬ್ಬ ತಾಯಿ)

ಉತ್ತರ: ಸದ್ಯಕ್ಕೆ ಬರೀ ಉಪದೇಶ ತಾನೇ? ಪುಸ್ತಕದಲ್ಲಿ ಓದಿದ ಕಾಯಿಲೆಗಳೆಲ್ಲ ತನಗೇ ಇದೆ ಅನ್ನುವ ಹಂತ ಇನ್ನೂ ಬರಬೇಕು. ಅದೂ ಬಂದು ಹೋಗುತ್ತದೆ.

ಅವಳಿಗೆ ಸೆಮ್ಮೆಲ್‌ವೈಸ್ ಬಗ್ಗೆ ಓದಲು ಹೇಳಿ. 1847ರಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ, ಶವ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸುತ್ತಿದ್ದ ಡಾಕ್ಟರುಗಳಿಗೂ ವಿದ್ಯಾರ್ಥಿಗಳಿಗೂ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದವರು. ಏಪ್ರಿಲ್‌ನಲ್ಲಿ ನೂರು ಬಾಣಂತಿಯರಿಗೆ 18 ಸಾವಿತ್ತು, ಜೂನ್‌ನಲ್ಲಿ ಎರಡರ ಆಸುಪಾಸಿಗೆ ಇಳಿಯಿತು. ಮಾತು ಅಷ್ಟು ಸರಿ. ಆದರೆ ಸಹೋದ್ಯೋಗಿಗಳಲ್ಲಿ ಎಷ್ಟೋ ಜನ ಒಪ್ಪಲಿಲ್ಲ. ಇವರು ತಾಳ್ಮೆ ಕಳೆದುಕೊಂಡು, ಒಪ್ಪದವರನ್ನು ಕೊಲೆಗಾರರು ಅಂತ ಬಹಿರಂಗ ಪತ್ರಗಳಲ್ಲೇ ಬೈದರು. ಬೈಸಿಕೊಂಡವರು ಮತ್ತಷ್ಟು ದೂರ ಹೋದರು.

ನಿಮ್ಮ ಮಗಳಿಗೆ ಒಂದು ಕೆಲಸ ಕೊಡಿ. ಒಂದು ವಾರ ಬಾಯಿ ಬಿಡಬಾರದು. ಸೋಪನ್ನು ಅಜ್ಜಿಯ ಕೈಗೆ ಎಟುಕುವ ಕಡೆ ಇಡಬೇಕು, ಅಷ್ಟೇ. ವಾರ ಕಳೆದ ಮೇಲೆ ಸೋಪು ಎಷ್ಟು ಸವೆದಿದೆ ಅಂತ ನೋಡಿ ನನಗೆ ಬರೆಯಲಿ.